ಸ್ಪಾ ಯಾಕೆ ಹೋಯಿತು, ಭಾರತ ಯಾಕೆ ಉಳಿಯಲಿಲ್ಲ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಬೆಲ್ಜಿಯಂನ ಸ್ಪಾ ರೇಸ್ ಇನ್ನು ಮುಂದೆ ಪ್ರತಿ ವರ್ಷ ಇರುವುದಿಲ್ಲ ಎಂದು ಓದಿ ತುಂಬಾ ಬೇಸರವಾಯಿತು. ಹಳೆಯ ಟ್ರ್ಯಾಕ್‌ಗಳನ್ನು ಬದಿಗೆ ಸರಿಸಿ, ದುಡ್ಡಿದ್ದ ಕಡೆಗೆಲ್ಲ ಫಾರ್ಮುಲಾ ಒನ್ ಹೋಗುತ್ತಿದೆ. ವರ್ಷಕ್ಕೆ 24 ರೇಸ್ ಯಾರಿಗೆ ಬೇಕಾಗಿತ್ತು? ಎಫ್‌ಐಎ ಯಾಕೆ ಸುಮ್ಮನೆ ಕೂತಿದೆ? ಭಾರತಕ್ಕೆ ಮತ್ತೆ ರೇಸ್ ತನ್ನಿ ಎಂದು ನಾವೆಲ್ಲ ಸರ್ಕಾರಕ್ಕೆ ಪತ್ರ ಬರೆಯಬೇಕು, ಅಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನನ್ನದೂ ಹೌದು. ಮೊದಲು ಕಾರ್ ರೇಸ್‌ಗಳ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಐಎ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. ಉಳಿದದ್ದಕ್ಕೆಲ್ಲ ಬೇರು ಅಲ್ಲೇ ಇದೆ.

1970ರ ದಶಕದ ಆರಂಭದಲ್ಲಿ ಪ್ರತಿ ತಂಡವೂ ಪ್ರತಿ ರೇಸಿನ ಆಯೋಜಕರ ಹತ್ತಿರ ತಾನೇ ಹೋಗಿ ಚೌಕಾಸಿ ಮಾಡುತ್ತಿತ್ತು. ಬ್ರಾಭಮ್ ತಂಡ ಕೊಂಡಿದ್ದ ಬರ್ನಿ ಎಕ್ಲ್‌ಸ್ಟನ್ ಈ ಕೆಲಸ ಎಲ್ಲರ ಪರವಾಗಿ ತಾನೇ ಮಾಡುತ್ತೇನೆ ಎಂದರು. ತಂಡಗಳು ಒಪ್ಪಿದವು. ಒಗ್ಗಟ್ಟಾದ ಮೇಲೆ ಆಯೋಜಕರು ಕೊಡಬೇಕಾದ ಹಣ ಏರುತ್ತಾ ಹೋಯಿತು. ಆಡಳಿತ ಸಂಸ್ಥೆಗೆ ಇದು ಸಹಿಸಲಿಲ್ಲ. ಅದರ ಅಧ್ಯಕ್ಷ ಜಾನ್ ಮರೀ ಬಲೆಸ್ಟ್ರ್ ಮತ್ತು ಎಕ್ಲ್‌ಸ್ಟನ್ ನಡುವಿನ ಜಗಳ ಎಲ್ಲಿಗೆ ಹೋಯಿತೆಂದರೆ, 1980ರಲ್ಲಿ ಸ್ಪೇನಿನ ಹರಾಮಾ ಟ್ರ್ಯಾಕ್‌ನಲ್ಲಿ ರೇಸ್ ನಡೆಯಿತು, ಅಲನ್ ಜೋನ್ಸ್ ಗೆದ್ದರು, ಆದರೆ ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಆ ರೇಸನ್ನು ಚಾಂಪಿಯನ್‌ಶಿಪ್ ಲೆಕ್ಕಕ್ಕೇ ಹಿಡಿಯಲಿಲ್ಲ. 1981ರಲ್ಲಿ ರಾಜಿಯಾಯಿತು. ಅದೇ ಮೊದಲ ಕಾನ್‌ಕಾರ್ಡ್ ಒಪ್ಪಂದ. ನಿಯಮ ಬರೆಯುವುದು ಆಡಳಿತ ಸಂಸ್ಥೆಗೆ, ಟಿವಿ ಹಕ್ಕಿನ ವ್ಯವಹಾರ ಎಕ್ಲ್‌ಸ್ಟನ್ ಕಡೆಗೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಯುರೋಪಿಯನ್ ಕಮಿಷನ್ ಒಂದು ಆಕ್ಷೇಪ ಎತ್ತಿತು. ನಿಯಮ ಮಾಡುವವರೇ ವ್ಯಾಪಾರವನ್ನೂ ಮಾಡಬಾರದು ಎಂಬುದು ಅದರ ವಾದ. ವಾದ ಸರಿಯಾಗಿಯೇ ಇತ್ತು. ಅದಕ್ಕೆ ಎಫ್‌ಐಎ ಕಂಡುಕೊಂಡ ದಾರಿ ಮಾತ್ರ ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಫಾರ್ಮುಲಾ ಒನ್ ವಾಣಿಜ್ಯ ಹಕ್ಕನ್ನು ಅದು ಎಕ್ಲ್‌ಸ್ಟನ್ ಕಡೆಯ ಕಂಪನಿಗೆ 2011ರಿಂದ 2110ರವರೆಗೆ, ಅಂದರೆ ಪೂರ್ತಿ 100 ವರ್ಷಕ್ಕೆ ಕೊಟ್ಟುಬಿಟ್ಟಿತು. ಪಡೆದದ್ದು ಸುಮಾರು 31 ಕೋಟಿ ಡಾಲರ್. ವರ್ಷಕ್ಕೆ ಹಂಚಿದರೆ 31 ಲಕ್ಷ ಡಾಲರ್. ಗ್ರೇಟರ್ ನೊಯ್ಡಾದಲ್ಲಿ ನಡೆದ ಒಂದೊಂದು ರೇಸಿಗೆ ನಮ್ಮ ಆಯೋಜಕರು ಕೊಡಬೇಕಿದ್ದದ್ದು ಸುಮಾರು 4 ಕೋಟಿ ಡಾಲರ್. ಅಜ್ಜ ಜಮೀನನ್ನು ಮೂರು ತಲೆಮಾರಿಗೆ ಭೋಗ್ಯಕ್ಕೆ ಹಾಕಿ ಹೋದ ಹಾಗೆ ಇದು. ಮೊಮ್ಮಕ್ಕಳು ಬದುವಿನ ಮೇಲೆ ನಿಂತು ಬೆಳೆ ನೋಡಬಹುದು, ಅಷ್ಟೇ.

ಆ ಹಕ್ಕು ಕೈಯಿಂದ ಕೈಗೆ ದಾಟಿ, 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಪಾಲಾಯಿತು. ಆಗ ಕಟ್ಟಿದ ಬೆಲೆ 800 ಕೋಟಿ ಡಾಲರ್. 2023ರ ಜನವರಿಯಲ್ಲಿ ಫಾರ್ಮುಲಾ ಒನ್‌ಗೆ 2,000 ಕೋಟಿ ಡಾಲರ್ ಬೆಲೆ ಬಂದಿದೆ ಎಂಬ ಸುದ್ದಿ ಹಬ್ಬಿತು. ಅದು ಉಬ್ಬಿಸಿದ ಬೆಲೆ ಎಂದು ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲೇಯಮ್ ಬಹಿರಂಗವಾಗಿ ಹೇಳಿದರು. ಕೂಡಲೇ ಫಾರ್ಮುಲಾ ಒನ್ ವಕೀಲರಿಂದ ಪತ್ರ ಬಂತು. ನಮ್ಮ ಹಕ್ಕಿನಲ್ಲಿ ನೀವು ತಲೆ ಹಾಕುವ ಹಾಗಿಲ್ಲ ಎಂಬುದು ಅದರ ತಾತ್ಪರ್ಯ. ಎಫ್‌ಐಎ ಸುಮ್ಮನೆ ಕೂತಿದೆ ಎಂದಿರಿ. ಕೂತಿಲ್ಲ, ಕೂರಿಸಿದ್ದಾರೆ. ಟ್ರ್ಯಾಕ್ ಸುರಕ್ಷಿತವೇ ಎಂದು ನೋಡುವುದು, ಕ್ಯಾಲೆಂಡರ್‌ಗೆ ಮುದ್ರೆ ಒತ್ತುವುದು ಅದರ ಕೆಲಸ. ಯಾವ ಊರಿನ ಜೊತೆ ಒಪ್ಪಂದ, ಎಷ್ಟು ವರ್ಷ, ಎಷ್ಟು ಹಣ ಎಂಬುದೆಲ್ಲ ವಾಣಿಜ್ಯ ಹಕ್ಕು ಹಿಡಿದ ಕಂಪನಿಯ ಕೈಯಲ್ಲಿದೆ. ಫಾರ್ಮುಲಾ ಒನ್ ಸೇರಲು ಬಯಸಿದ್ದ ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ 2023ರ ಅಕ್ಟೋಬರ್‌ನಲ್ಲಿ ಎಫ್‌ಐಎ ಒಪ್ಪಿಗೆ ಕೊಟ್ಟಾಗಲೂ ಹೀಗೇ ಆಯಿತು. ನಾಲ್ಕೇ ತಿಂಗಳಲ್ಲಿ ಕಂಪನಿ ಬೇಡ ಎಂದಿತು, ಅಲ್ಲಿಗೆ ಮುಗಿಯಿತು. ಆಮೇಲೆ ಅದೇ ಯೋಜನೆ ಜನರಲ್ ಮೋಟರ್ಸ್‌ನ ಬಲದಿಂದ, ಕ್ಯಾಡಿಲಾಕ್ ಹೆಸರಿನಲ್ಲಿ 2026ಕ್ಕೆ ಒಳಗೆ ಬಂತು.

ಈಗ ಸ್ಪಾ. 1950ರ ಮೊದಲ ಚಾಂಪಿಯನ್‌ಶಿಪ್‌ನಲ್ಲೇ ಇದ್ದ ಟ್ರ್ಯಾಕ್. ಏಳು ಕಿಲೋಮೀಟರ್ ಉದ್ದ, ಕಾಡಿನ ನಡುವೆ. ಒಂದು ತಿರುವಿನಲ್ಲಿ ಮಳೆ, ಇನ್ನೊಂದರಲ್ಲಿ ಬಿಸಿಲು. ಓ ರೂಜ್ ಏರಿನಲ್ಲಿ ಕಾರುಗಳು ಮೇಲಕ್ಕೆ ನುಗ್ಗುವುದನ್ನು ನೋಡಿಯೇ ನಮ್ಮಲ್ಲಿ ಎಷ್ಟೋ ಜನ ಈ ಆಟಕ್ಕೆ ಬಿದ್ದಿದ್ದೇವೆ. 2025ರ ಜನವರಿಯಲ್ಲಿ ಅದಕ್ಕೆ ಹೊಸ ಒಪ್ಪಂದ ಸಿಕ್ಕಿತು. ರೇಸ್ ಇರುವುದು 2026, 2027, 2029 ಮತ್ತು 2031ರಲ್ಲಿ ಮಾತ್ರ. 2028, 2030ರಲ್ಲಿ ಇಲ್ಲ.

ಹೀಗೆ ಯಾಕಾಗುತ್ತದೆ ಎಂದು ತಿಳಿಯಲು ಹಣದ ಲೆಕ್ಕ ನೋಡಬೇಕು. ಟ್ರ್ಯಾಕ್ ನಡೆಸುವವರ ಲೆಕ್ಕದ ಪುಸ್ತಕ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಒಮ್ಮೆ ಮಾತ್ರ ಚೆನ್ನಾಗಿ ಬಂತು. 2017ರ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಮಾಲೀಕರು ಒಪ್ಪಂದ ಅರ್ಧಕ್ಕೆ ಬಿಡುತ್ತೇವೆ ಎಂದು ನೋಟಿಸ್ ಕೊಟ್ಟರು, ಕಾರಣವನ್ನು ಅಂಕಿ ಸಮೇತ ಹೇಳಿದರು. ರೇಸ್ ನಡೆಸಲು 2010ರಲ್ಲಿ ಅವರು ಫಾರ್ಮುಲಾ ಒನ್ ಕಂಪನಿಗೆ ಕಟ್ಟಬೇಕಿದ್ದ ಶುಲ್ಕ 1.15 ಕೋಟಿ ಪೌಂಡ್. ಒಪ್ಪಂದದಲ್ಲಿ ವರ್ಷಕ್ಕೆ ಶೇ 5ರಷ್ಟು ಏರಿಕೆ ಬರೆದಿತ್ತು. 2017ಕ್ಕೆ ಅದು 1.62 ಕೋಟಿ ಆಗಿತ್ತು, 2026ಕ್ಕೆ 2.5 ಕೋಟಿ ಆಗಲಿತ್ತು. 2015ರಲ್ಲಿ 28 ಲಕ್ಷ ಪೌಂಡ್ ನಷ್ಟ, 2016ರಲ್ಲಿ 48 ಲಕ್ಷ. ಜನ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಇಡೀ ಕ್ಯಾಲೆಂಡರ್‌ನಲ್ಲೇ ಅತಿ ಹೆಚ್ಚು ಜನ ಸೇರುವ ರೇಸ್‌ಗಳಲ್ಲಿ ಅದೊಂದು. ಟ್ರ್ಯಾಕ್ ತುಂಬಿ ತುಳುಕಿದರೂ ನಷ್ಟ.

ಯಾಕೆಂದರೆ ಟಿವಿ ಹಣ ಟ್ರ್ಯಾಕ್‌ಗೆ ಬರುವುದಿಲ್ಲ. ಪಕ್ಕದ ಜಾಹೀರಾತು ಹಲಗೆ, ಶ್ರೀಮಂತ ಅತಿಥಿಗಳ ಪ್ಯಾಡಾಕ್ ಕ್ಲಬ್, ಇವು ಹೆಚ್ಚಾಗಿ ಕಂಪನಿಗೇ ಸೇರುತ್ತವೆ. ಆಯೋಜಕರಿಗೆ ಉಳಿಯುವುದು ಮುಖ್ಯವಾಗಿ ಟಿಕೆಟ್ ಹಣ. ಶುಲ್ಕ ಏರಿದ ಹಾಗೆಲ್ಲ ಟಿಕೆಟ್ ಏರಬೇಕು, ಎಲ್ಲೋ ಒಂದು ಕಡೆ ಜನ ಸಾಕಪ್ಪಾ ಎನ್ನುತ್ತಾರೆ. ಆಗ ಸರ್ಕಾರ ಜೇಬಿನಿಂದ ಕೊಡಬೇಕು, ಇಲ್ಲವೇ ರೇಸ್ ಬಿಡಬೇಕು. ಸೌದಿ, ಕತಾರ್, ಅಬುಧಾಬಿ, ಅಜರ್‌ಬೈಜಾನ್ ಸರ್ಕಾರಗಳಿಗೆ ಟಿಕೆಟ್ ಲಾಭ ಬೇಕಾಗಿಯೇ ಇಲ್ಲ. ದೇಶದ ಹೆಸರು ಟಿವಿಯಲ್ಲಿ ಮೂರು ದಿನ ಹೊಳೆಯಬೇಕು, ಅದಕ್ಕೇ ಕೊಡುತ್ತವೆ. ಜರ್ಮನಿ ಸರ್ಕಾರ ಹಾಗೆ ಕೊಡಲಿಲ್ಲ. ಚಾಂಪಿಯನ್ ಚಾಲಕರಾದ ಶುಮಾಕರ್, ವೆಟ್ಟೆಲ್ ಅವರ ನಾಡಿನಲ್ಲಿ 2020ರ ನಂತರ ಒಂದು ರೇಸೂ ನಡೆದಿಲ್ಲ. ಮಲೇಷ್ಯಾ 1999ರಲ್ಲಿ ಸಂಭ್ರಮದಿಂದ ಶುರು ಮಾಡಿ, ಖರ್ಚು ಗಿಟ್ಟುವುದಿಲ್ಲ ಎಂದು 2017ರಲ್ಲಿ ಕೈಬಿಟ್ಟಿತು. ತಮ್ಮದೇ ದೇಶದ ಚಾಂಪಿಯನ್ ವರ್ಸ್ಟಾಪನ್ ಇದ್ದೂ ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್ ಆಯೋಜಕರು 2026ರ ನಂತರ ಬೇಡ ಎಂದರು.

ಇನ್ನು 24 ರೇಸ್ ವಿಷಯ. 2024ರಲ್ಲಿ ಕಂಪನಿಯ ಆದಾಯ 340 ಕೋಟಿ ಡಾಲರ್ ದಾಟಿತು. ಅದರಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಬಂದದ್ದು ಈ ರೇಸ್ ಶುಲ್ಕದಿಂದಲೇ. ತಂಡಗಳಿಗೆ ಹಂಚಿದ್ದು 126 ಕೋಟಿಗೂ ಜಾಸ್ತಿ. ಒಂದು ರೇಸ್ ಹೆಚ್ಚಾದರೆ ತಂಡದ ಮಾಲೀಕರ ಪಾಲೂ ಹೆಚ್ಚುತ್ತದೆ. ಅದಕ್ಕೇ ದಣಿವಾಯಿತು ಎಂದು ಮಾಧ್ಯಮದ ಮುಂದೆ ಹೇಳಿದರೂ ಒಪ್ಪಂದಕ್ಕೆ ಸಹಿ ಹಾಕುತ್ತಾರೆ.

ದಣಿಯುವವರು ಬೇರೆ. 2024ರ ಕೊನೆಯಲ್ಲಿ ಲಾಸ್ ವೇಗಸ್, ಕತಾರ್, ಅಬುಧಾಬಿ ಮೂರೂ ರೇಸ್‌ಗಳು ಬಿಡುವಿಲ್ಲದೆ ವಾರಕ್ಕೊಂದರಂತೆ ನಡೆದವು. ವೇಗಸ್ ರೇಸ್ ಅಲ್ಲಿಯ ಶನಿವಾರ ರಾತ್ರಿ ಹತ್ತಕ್ಕೆ ಶುರು, ನಮಗೆ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ. ಅದು ಮುಗಿದ ರಾತ್ರಿಯೇ ಮೆಕ್ಯಾನಿಕ್‌ಗಳು ಗ್ಯಾರೇಜ್ ಬಿಚ್ಚಿ, ಕಾರುಗಳನ್ನು ಪೆಟ್ಟಿಗೆಗೆ ತುಂಬಿ ಕತಾರ್‌ಗೆ ಹಾರಬೇಕು. ಅಲ್ಲಿಯ ಗಡಿಯಾರ 11 ಗಂಟೆ ಮುಂದಿದೆ. ಗುರುವಾರದ ಹೊತ್ತಿಗೆ ಗ್ಯಾರೇಜ್ ಮತ್ತೆ ನಿಂತಿರಬೇಕು. ಪಾಳಿ ಬದಲಿಸಲು ಇನ್ನೊಂದು ತಂಡ ನೇಮಿಸಿಕೊಳ್ಳಬಹುದಲ್ಲ ಎಂದರೆ, ತಂಡವೊಂದು ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಅಡ್ಡ ಬರುತ್ತದೆ. 2021ರಲ್ಲಿ ಬಂದ ಆ ಮಿತಿಯಲ್ಲಿ ಚಾಲಕರ ಸಂಬಳ ಸೇರುವುದಿಲ್ಲ, ತಂಡದ ಮೂವರು ಅತಿ ಹೆಚ್ಚು ಸಂಬಳದವರದೂ ಸೇರುವುದಿಲ್ಲ. ಚಕ್ರ ಬಿಗಿಯುವವನ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದು ನ್ಯಾಯವಲ್ಲ. ಮೊದಲು ತಿದ್ದಬೇಕಾದ ನಿಯಮ ಇದು.

ವೇಳಾಪಟ್ಟಿ ಮಾಡುವುದು ಸುಲಭವಲ್ಲ ಎಂದೂ ಹೇಳಬೇಕು. 2024ರಲ್ಲಿ ಬಹರೇನ್ ಮತ್ತು ಸೌದಿ ರೇಸ್ ಶನಿವಾರ ನಡೆದದ್ದು ನೆನಪಿದೆಯಾ? ರಂಜಾನ್ ಶುರುವಾಗುವ ಮೊದಲು ಸೌದಿ ರೇಸ್ ಮುಗಿಯಬೇಕಿತ್ತು. ಎರಡರ ನಡುವೆ ಒಂದು ವಾರ ಬಿಡಬೇಕಾದ್ದರಿಂದ ಬಹರೇನ್ ಕೂಡ ಒಂದು ದಿನ ಹಿಂದಕ್ಕೆ ಬಂತು. 2026ಕ್ಕೆ ಕೆನಡಾವನ್ನು ಮೇ ತಿಂಗಳಿಗೆ ಎಳೆದು ಮಯಾಮಿಯ ನಂತರ ಇಟ್ಟರು, ಮೊನಾಕೊ ಜೂನ್‌ಗೆ ಹೋಯಿತು. ಅಟ್ಲಾಂಟಿಕ್ ದಾಟುವ ಒಂದು ಸುತ್ತು ಉಳಿತಾಯವಾಯಿತು. ಇದು ಒಳ್ಳೆಯ ಕೆಲಸ.

ಇನ್ನು ನಮ್ಮ ರೇಸ್. ಗ್ರೇಟರ್ ನೊಯ್ಡಾದ ಬುದ್ಧ್ ಟ್ರ್ಯಾಕ್ ಚಾಲಕರಿಗೆ ನಿಜವಾಗಿಯೂ ಇಷ್ಟವಾಗಿತ್ತು. 2011ರಿಂದ 2013ರವರೆಗೆ ಮೂರೂ ಸಲ ವೆಟ್ಟೆಲ್ ಗೆದ್ದರು. ಕೊನೆಯ ಸಲ ನಾಲ್ಕನೇ ಚಾಂಪಿಯನ್‌ಶಿಪ್ ಖಚಿತವಾದಾಗ ಪ್ರೇಕ್ಷಕರ ಮುಂದೆ ಕಾರನ್ನು ಗಿರಗಿರನೆ ತಿರುಗಿಸಿ, ಇಳಿದು, ಅದರ ಮುಂದೆ ಬಾಗಿ ನಮಸ್ಕರಿಸಿದರು. ನಿಯಮ ಮೀರಿದ್ದಕ್ಕೆ ತಂಡಕ್ಕೆ 25,000 ಯುರೋ ದಂಡ ಬಿತ್ತು. ಆ ಟ್ರ್ಯಾಕ್‌ನಲ್ಲಿ ಮತ್ತೆ ಫಾರ್ಮುಲಾ ಒನ್ ಓಡಲಿಲ್ಲ.

ಇಲ್ಲಿ ಹಣ ಹಾಕಿದ್ದು ಸರ್ಕಾರವಲ್ಲ, ಜೇಪೀ ಎಂಬ ಖಾಸಗಿ ಕಂಪನಿ. ಮೊದಲ ರೇಸಿಗೆ ಮುಂಚೆಯೇ ಮನರಂಜನಾ ತೆರಿಗೆ ವಿನಾಯಿತಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಇದು ಕ್ರೀಡೆಯಲ್ಲ, ಮನರಂಜನೆ ಎಂಬುದು ಸರ್ಕಾರಿ ನಿಲುವು. ಕಸ್ಟಮ್ಸ್ ಕಿರಿಕಿರಿ ಬೇರೆ. ಆ ಟ್ರ್ಯಾಕ್ ಫಾರ್ಮುಲಾ ಒನ್ ಕಂಪನಿಗೆ ಭಾರತದಲ್ಲಿ ಕಾಯಂ ನೆಲೆ ಇದ್ದಂತೆ, ಆದ್ದರಿಂದ ಇಲ್ಲಿಯ ಗಳಿಕೆಗೆ ತೆರಿಗೆ ಕಟ್ಟಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ ಆ ತೀರ್ಪು ಸರಿ. ಇಲ್ಲಿ ದುಡಿದವರು ಇಲ್ಲಿ ತೆರಿಗೆ ಕೊಡಲಿ. ಆದರೆ ಹೀಗೆ ತೆರಿಗೆ ಕೇಳುವ ದೇಶಕ್ಕಿಂತ, ತಾನೇ ಎದುರು ಹಣ ಕೊಡುವ ದೇಶ ಕಂಪನಿಗೆ ಹೆಚ್ಚು ಪ್ರಿಯವಾಗುತ್ತದೆ.

ರೇಸ್ ಮತ್ತೆ ಬರಲಿ ಎಂಬ ಆಸೆ ನನಗೂ ಇದೆ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್‌ಟೂನ ಸ್ಪ್ರಿಂಟ್ ರೇಸ್ ಗೆದ್ದ ದಿನ ನಮ್ಮ ಕಚೇರಿಯಲ್ಲಿ ಕೆಲಸವೇ ನಡೆಯಲಿಲ್ಲ. ಆ ಮಟ್ಟಕ್ಕೆ ಒಬ್ಬ ಹುಡುಗನನ್ನು ತಲುಪಿಸಲು ವರ್ಷ ವರ್ಷವೂ ಕೋಟಿಗಟ್ಟಲೆ ರೂಪಾಯಿ ಬೇಕು. ಸರ್ಕಾರದ ಬಳಿ ಹಣವಿದ್ದರೆ ಮೊದಲು ಕಾರ್ಟಿಂಗ್ ಟ್ರ್ಯಾಕ್‌ಗಳಿಗೆ, ಇಂಥ ಹುಡುಗ ಹುಡುಗಿಯರಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ.

ಆದರೂ ನೀವು ಪತ್ರ ಬರೆಯುವುದಾದರೆ ರೇಸ್ ತನ್ನಿ ಎಂದಷ್ಟೇ ಬರೆಯಬೇಡಿ. ಮೊದಲ ವರ್ಷದ ಶುಲ್ಕ ಎಷ್ಟು, ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ, ಎಷ್ಟು ವರ್ಷದ ಒಪ್ಪಂದ, ತೆರಿಗೆ ಯಾರ ತಲೆಗೆ, ಮಧ್ಯದಲ್ಲಿ ಬಿಟ್ಟರೆ ಕಟ್ಟುವವರು ಯಾರು ಎಂದು ಕೇಳಿ. ಸಹಿ ಬೀಳುವ ಮೊದಲೇ ಇವಿಷ್ಟೂ ಸದನದ ಮುಂದೆ ಬರಬೇಕು ಎಂದು ಬರೆಯಿರಿ. ಆ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ.