ಸ್ಕ್ಯಾನ್ ಕಡತಗಳನ್ನು ಕಾಪಿಡುವ ಮುನ್ನ

ಮಡಿಕೇರಿಯ ಗ್ರಂಥಾಲಯದ ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳನ್ನು ಹಾರ್ಡ್ ಡಿಸ್ಕಿಗೆ ಹಾಗೇ ಕಾಪಿ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಸರ್. ಮೂಲ ಟಿಫ್ (ಸ್ಕ್ಯಾನಿನ ದೊಡ್ಡ ಚಿತ್ರ ಕಡತ) ಮುಟ್ಟಬೇಡಿ. ಓದುಗರಿಗೆ ಜೆಪೆಗ್ ಬೇರೆ ಮಾಡಿಕೊಳ್ಳಿ.

ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ‘ಕೊಡಗು’ ಎಂದೇ ಹೆಸರಿಟ್ಟರೆ ‘ಕೊ’ದ ಒತ್ವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಮುಂದೆ ಪರಿಶೀಲಿಸುವಾಗ ಕಡತವೇ ಇಲ್ಲ ಅಂದುಬಿಡುತ್ತದೆ.

ವಿಂಡೋಸ್ ತಾನಾಗಿ ಸೃಷ್ಟಿಸುವ ಥಂಬ್ಸ್ ಡಿಬಿಯಂಥ ಕಸದ ಕಡತ ಅಳಿಸಿದ ಮೇಲೆಯೇ ಬ್ಯಾಗಿಟ್ ಕಟ್ಟು (ಕಡತಗಳನ್ನೂ ಅವುಗಳ ಪಟ್ಟಿಯನ್ನೂ ಒಟ್ಟಿಗಿಡುವ ಫೋಲ್ಡರ್) ಮಾಡಿ, ಪ್ರತಿ ಕಡತಕ್ಕೂ ಬೆರಳಚ್ಚಿನಂತಿರುವ ಶಾ-256 ಚೆಕ್‌ಸಮ್ ಬರೆಸಿ. ಪ್ರತಿ ನಕಲಿನ ನಂತರವೂ ಅದನ್ನು ತಾಳೆ ನೋಡಲೇಬೇಕು. ಮೂರು ಪ್ರತಿ ಇರಲಿ, ಒಂದು ಮೈಸೂರಿನಲ್ಲಿ. ಮಳೆಗಾಲದ ತೇವ ತಾಗದಂತೆ ಇಲ್ಲಿನ ಡಿಸ್ಕನ್ನು ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ.