ಹೊಸಬರು ಯಾವ ಡಿಜೆ ಸಾಧನ ಕೊಳ್ಳಬೇಕು? ಸಿಂಕ್ (ಎರಡು ಹಾಡುಗಳ ವೇಗವನ್ನು ತಾನಾಗಿಯೇ ಹೊಂದಿಸುವ ಸೌಲಭ್ಯ) ಇಲ್ಲದೆ ಕೈಯಿಂದಲೇ ಮಿಕ್ಸ್ ಮಾಡುವುದನ್ನು ಕಲಿಯುವುದು ಹೇಗೆ?

ಆರಂಭಕ್ಕೆ ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಚಾನೆಲ್‌ಗಳ, ಅಂದರೆ ಎರಡು ಹಾಡುಗಳನ್ನು ಒಟ್ಟಿಗೆ ನಿಭಾಯಿಸುವ, ಕಂಟ್ರೋಲರ್ ಸಾಕು. ಪಯೋನಿಯರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಅಂಥದ್ದೊಂದು. ಕೊಳ್ಳುವಾಗ ದೀಪಗಳ ಮೆರುಗಿಗಿಂತ, ಸ್ಪೀಕರಿಗೆ ಇನ್ನೂ ಹೋಗದ ಹಾಡನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳುವ ಸೌಲಭ್ಯವಿದೆಯೇ, ಟೆಂಪೊ ಫೇಡರ್ (ಹಾಡಿನ ವೇಗ ಬದಲಿಸುವ ಜಾರುಗುಂಡಿ) ತೀರಾ ಗಿಡ್ಡವಲ್ಲವೇ ಎಂಬುದನ್ನು ನೋಡಬೇಕು. ಗಿಡ್ಡ ಫೇಡರನ್ನು ಕೂದಲೆಳೆಯಷ್ಟು ಸರಿಸಿದರೂ ವೇಗ ಜಿಗಿಯುತ್ತದೆ. ಟರ್ನ್‌ಟೇಬಲ್ ಆಮೇಲಾಗಲಿ, ಸೂಜಿ ಮತ್ತು ರೆಕಾರ್ಡ್‌ಗಳ ಖರ್ಚೇ ಬೇರೆ.

ಕಲಿಯುವಾಗ ಸಿಂಕ್ ಬಟನ್ ಮುಟ್ಟದಿರಿ. ಪರದೆಯ ಮೇಲೆ ಹಾಡಿನ ಬಡಿತಗಳನ್ನು ತೋರಿಸುವ ಅಲೆಗಳನ್ನೂ ಮುಚ್ಚಿಬಿಡಿ (ಹಳೆಯ ಟವೆಲ್ಲು ಹೊದಿಸಿದರೂ ಆದೀತು). ಓಡುತ್ತಿರುವ ಹಾಡಿನ ವೇಗ ನಿಮಿಷಕ್ಕೆ 124 ಬಡಿತಗಳಾಗಿದ್ದು, ಮುಂದಿನದು 128 ಇದ್ದರೆ, ಎರಡನೆಯದನ್ನು ಸುಮಾರು ಶೇ. 3.1ರಷ್ಟು ನಿಧಾನಗೊಳಿಸಬೇಕು. ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಇಟ್ಟುಕೊಂಡು, ಇನ್ನೊಂದರಲ್ಲಿ ಸ್ಪೀಕರಿನ ಹಾಡನ್ನು ಕೇಳುತ್ತ, ನಾಲ್ಕರ ಎಣಿಕೆಯ ಮೊದಲ ಬಡಿತಕ್ಕೆ ಸರಿಯಾಗಿ ಹೊಸ ಹಾಡನ್ನು ಬಿಡಿ. ಎರಡು ಹಾಡುಗಳ ಕಿಕ್ ಡ್ರಮ್‌ಗಳು (ತಾಳದ ದಪ್ಪ ಬಡಿತಗಳು) ‘ಧಪ್’ ಎಂದು ಒಂದಾಗದೆ ‘ಧಡಪ್’ ಎಂದು ಎಡವಿದರೆ ಜಾಗ್ ವೀಲನ್ನು (ಕಂಟ್ರೋಲರಿನ ಮೇಲಿನ ದುಂಡು ಚಕ್ರ) ಮೆಲ್ಲಗೆ ತಳ್ಳಿ ಅಥವಾ ತಡೆದು ಸರಿಪಡಿಸಿ. ಪದೇ ಪದೇ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ವೇಗವೇ ಇನ್ನೂ ಹೊಂದಿಲ್ಲ, ಟೆಂಪೊ ಫೇಡರನ್ನು ಸರಿಸಿ ಹೊಂದಿಸಿ. ಹಾಡು ಬದಲಿಸುವಾಗ ಒಂದರ ಬೇಸ್ ಇಳಿಸಿಯೇ ಇನ್ನೊಂದರದನ್ನು ಏರಿಸಿ, ಇಲ್ಲದಿದ್ದರೆ ಎರಡೂ ಕಲಸಿ ಗೊಜ್ಜಾಗುತ್ತದೆ.