ಸೊನ್ನೆಯ ಕಣ್ಣು ಮುಚ್ಚುವ ಔಟ್‌ಲೈನ್

ಲೋಗೊ ವಿನ್ಯಾಸದ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಔಟ್‌ಲೈನ್ ಮತ್ತು ಗ್ರೇಡಿಯಂಟ್‌ಗಳವೇ. ಅವುಗಳಲ್ಲಿ ಒಂದಂತೂ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಫಿಲ್ ಎಂದರೇನು, ಸ್ಟ್ರೋಕ್ ಎಂದರೇನು ಎಂಬ ಪಾಠವನ್ನು ಇಲ್ಲಿ ಮಾಡುವುದಿಲ್ಲ.

ಪ್ರಶ್ನೆ: ಲೋಗೊದ ಅಕ್ಷರಗಳಿಗೆ ಔಟ್‌ಲೈನ್ ಹಾಕಿದ್ದೇನೆ. ದೊಡ್ಡದಾಗಿದ್ದಾಗ ಚೆನ್ನಾಗಿಯೇ ಕಾಣುತ್ತದೆ. ಚಿಕ್ಕದು ಮಾಡಿದರೆ ಅಕ್ಷರಗಳು ಊದಿಕೊಂಡು ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಇದು ಸಾಫ್ಟ್‌ವೇರಿನ ದೋಷವೇ?

ಅಲ್ಲ. ಸ್ಟ್ರೋಕ್, ಅಂದರೆ ಔಟ್‌ಲೈನಾಗಿ ಕಾಣುವ ಗೆರೆ, ಆಕಾರದ ಹೊರಗಷ್ಟೇ ಕೂರುತ್ತದೆ ಎಂಬ ನಿಮ್ಮ ಎಣಿಕೆ ತಪ್ಪು. ಅದು ಪಾತ್‌ನ, ಅಂದರೆ ಆಕಾರದ ಅಂಚನ್ನು ಗುರುತಿಸುವ ದಪ್ಪವಿಲ್ಲದ ಗೆರೆಯ, ಎರಡೂ ಬದಿಗೆ ಅರ್ಧರ್ಧ ಹರಡಿಕೊಳ್ಳುತ್ತದೆ. ಒಂದು ಸೊನ್ನೆಯನ್ನು ತೆಗೆದುಕೊಳ್ಳಿ: ಅದರ ಒಳಗಿನ ತೂತಿನ ಅಗಲ 12 ಪಾಯಿಂಟ್, ನೀವು ಕೊಟ್ಟ ಸ್ಟ್ರೋಕ್ 8 ಪಾಯಿಂಟ್. ತೂತಿನ ಎರಡೂ ಅಂಚುಗಳಿಂದ ನಾಲ್ಕು ನಾಲ್ಕು ಪಾಯಿಂಟ್ ಒಳಕ್ಕೆ ಬಂದು, ಉಳಿಯುವುದು 4 ಪಾಯಿಂಟ್ ಮಾತ್ರ. ಈಗ ಲೋಗೊವನ್ನು ಕಾಲು ಭಾಗಕ್ಕೆ ಇಳಿಸಿದರೆ ತೂತು 3 ಪಾಯಿಂಟ್ ಆಗುತ್ತದೆ. ಆದರೆ ಗಾತ್ರದೊಂದಿಗೆ ಸ್ಟ್ರೋಕನ್ನೂ ಇಳಿಸುವ ಆಯ್ಕೆಯನ್ನು ನೀವು ಆನ್ ಮಾಡಿರದಿದ್ದರೆ ಸ್ಟ್ರೋಕ್ ಮಾತ್ರ 8 ಪಾಯಿಂಟ್‌ನಲ್ಲೇ ಉಳಿದು, ಆ ತೂತನ್ನು ಪೂರ್ತಿ ನುಂಗಿಬಿಡುತ್ತದೆ. ಇಲಸ್ಟ್ರೇಟರ್ ಸಾಫ್ಟ್‌ವೇರಿನಲ್ಲಿ ಈ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ, ಇಂಕ್‌ಸ್ಕೇಪ್‌ನಲ್ಲಿ ಸೆಲೆಕ್ಟ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ.

"ಸ್ಟ್ರೋಕನ್ನು ಹೊರಬದಿಗೆ ಹೊಂದಿಸಿ, ಎಲ್ಲವೂ ಸರಿಯಾಗುತ್ತದೆ" ಎಂದು ಬೋಧಿಸುವ ವಿಡಿಯೊಗಳನ್ನು ನೋಡಿ ಇನ್ನಷ್ಟು ಕೆಡಿಸಿಕೊಂಡವರೂ ಬರೆಯುತ್ತಾರೆ. ಹೊರಬದಿ ಎಂದರೆ ಬಣ್ಣ ತುಂಬಿದ ಭಾಗದಿಂದ ಹೊರಗೆ. ತೂತೂ ಹೊರಗೇ ಅಲ್ಲವೇ? ಆಗ ಎರಡೂ ಅಂಚುಗಳಿಂದ ಎಂಟೆಂಟು ಪಾಯಿಂಟ್ ಒಳನುಗ್ಗಿ, 12 ಪಾಯಿಂಟಿನ ತೂತು ಚಿಕ್ಕದು ಮಾಡುವ ಮೊದಲೇ ಮುಚ್ಚಿರುತ್ತದೆ.

ನಾನು ಮಾಡುವುದು ಹೀಗೆ. ಅಕ್ಷರದ ಒಂದು ಪ್ರತಿ ಮಾಡಿ, ಕಾಂಪೌಂಡ್ ಪಾತನ್ನು (ಹಲವು ಗೆರೆಗಳು ಸೇರಿ ಒಂದಾದ ಪಾತ್) ಬಿಡಿಸಿ ಹೊರಗೆರೆಯನ್ನೂ ಒಳಗೆರೆಯನ್ನೂ ಬೇರ್ಪಡಿಸುತ್ತೇನೆ. ಹೊರಗೆರೆಯನ್ನಷ್ಟೇ ಆಫ್‌ಸೆಟ್ ಮೂಲಕ 8 ಪಾಯಿಂಟ್ ಹಿಗ್ಗಿಸಿ, ಅದರಿಂದ ಮೂಲದ ತೂತನ್ನು ಕಳೆದು, ಬಂದ ಆಕಾರಕ್ಕೆ ಔಟ್‌ಲೈನಿನ ಬಣ್ಣ ತುಂಬಿ ಮೂಲ ಅಕ್ಷರದ ಹಿಂದೆ ಇರಿಸುತ್ತೇನೆ. ತೂತು ತನ್ನ 12 ಪಾಯಿಂಟನ್ನು ಉಳಿಸಿಕೊಳ್ಳುತ್ತದೆ, ಮತ್ತು ಸ್ಟ್ರೋಕ್ ಎಂಬುದೇ ಇಲ್ಲದ ಕಾರಣ ಯಾವ ಗಾತ್ರಕ್ಕೆ ಇಳಿಸಿದರೂ ಪ್ರಮಾಣ ಕೆಡುವುದಿಲ್ಲ. ಸ್ಟ್ರೋಕನ್ನೇ ಉಳಿಸಿಕೊಳ್ಳಬೇಕೆನ್ನುವವರು ಕೊನೆಯ ಫೈಲಿನಲ್ಲಾದರೂ ಅದನ್ನು ಪಾತ್ ಆಗಿ ಬದಲಿಸಲಿ. ಹಾಗೆ ಮಾಡದ ಫೈಲೊಂದನ್ನು ನಾನೇ ಒಮ್ಮೆ ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ ಕಳುಹಿಸಿದ್ದೆ. ಅಲಗು ದಪ್ಪ ಗೆರೆಯ ಅಂಚುಗಳನ್ನು ಬಿಟ್ಟು ಅದರ ನಡುವಿನ ಪಾತನ್ನೇ ಹಿಡಿದು ಹೋಯಿತು, ಇಡೀ ಹಾಳೆ ವ್ಯರ್ಥವಾಯಿತು. ಆದರೆ ಬದಲಿಸುವ ಮೊದಲು ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಪಾತ್ ಆದ ಮೇಲೆ ದಪ್ಪವನ್ನು ಒಂದು ಅಂಕಿ ತಿದ್ದಿ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ.

ಪ್ರಶ್ನೆ: ನೀಲಿಯಿಂದ ಹಳದಿಗೆ ಗ್ರೇಡಿಯಂಟ್ ಕೊಟ್ಟರೆ ನಡುವೆ ಕೊಳಕು ಬಣ್ಣ ಏಕೆ ಬರುತ್ತದೆ?

ಪರದೆಯ ಬಣ್ಣವೆಂದರೆ ಕೆಂಪು, ಹಸಿರು, ನೀಲಿಗಳ ಮೂರು ಅಂಕಿ. ಅಪ್ಪಟ ನೀಲಿ 0, 0, 255. ಅಪ್ಪಟ ಹಳದಿ 255, 255, 0. ಇವುಗಳ ಸರಾಸರಿ ಸುಮಾರು 128, 128, 128, ಅಂದರೆ ಬೂದು. ಕುಂಚದ ಬಣ್ಣ ಕಲಸಿದಂತೆ ಹಸಿರು ಬಂದೀತೆಂದು ಕಾಯಬೇಡಿ. ಹಸಿರು ಬೇಕಿದ್ದರೆ ನಡುವೆ ಇನ್ನೊಂದು ಸ್ಟಾಪ್ (ಗ್ರೇಡಿಯಂಟಿನಲ್ಲಿ ಬಣ್ಣವನ್ನು ನಿಗದಿ ಮಾಡುವ ಬಿಂದು) ಸೇರಿಸಿ ನೀವೇ ಇಡಬೇಕು.

ಪ್ರಶ್ನೆ: ವೆಕ್ಟರ್ ಲೋಗೊವನ್ನು 300 ಡಿಪಿಐನಲ್ಲಿ ಉಳಿಸಿದರೆ ಅಂಚು ಇನ್ನೂ ಚೂಪಾಗುವುದಂತೆ, ನಿಜವೇ?

ಇದನ್ನು ಹೇಳಿಕೊಡುವವರ ಬಳಿ ಬೇರೇನನ್ನೂ ಕಲಿಯಬೇಡಿ. ಡಿಪಿಐ ಎಂದರೆ ಒಂದು ಇಂಚಿನಲ್ಲಿರುವ ಚುಕ್ಕೆಗಳ ಎಣಿಕೆ. ವೆಕ್ಟರ್ ಲೋಗೊ ಪಾತ್‌ಗಳಿಂದಲೇ ಆದದ್ದು, ಪಾತ್‌ಗೆ ಡಿಪಿಐ ಇರುವುದಿಲ್ಲ. ನೆರಳು, ಮಸುಕಿನಂಥ ಎಫೆಕ್ಟ್‌ಗಳಿಗೆ ಮಾತ್ರ ಅದು ಅನ್ವಯಿಸುತ್ತದೆ, ಮತ್ತು ಅವು ಲೋಗೊದಲ್ಲಿ ಇರಲೇಬಾರದು.

ಪ್ರಶ್ನೆ: ಕಸೂತಿಗೆ ಕಳುಹಿಸುವ ಲೋಗೊದಲ್ಲಿ ಗ್ರೇಡಿಯಂಟ್ ಇರಬಹುದೇ?

ಬೇಡ. ಪ್ರತಿ ಭಾಗಕ್ಕೂ ಒಂದೇ ಬಣ್ಣವಿರುವ ಇನ್ನೊಂದು ರೂಪವನ್ನು ಮಾಡಿ ಕಳುಹಿಸಿ.

ಪ್ರಶ್ನೆ: ನಕ್ಷತ್ರಕ್ಕೆ ಔಟ್‌ಲೈನ್ ಕೊಟ್ಟರೆ ತುದಿಗಳು ಈಟಿಯಂತೆ ಉದ್ದವಾಗುವುದೇಕೆ?

ಚೂಪು ಮೂಲೆಯಲ್ಲಿ ಸ್ಟ್ರೋಕಿನ ಹೊರ ಅಂಚುಗಳು ಒಂದನ್ನೊಂದು ಸಂಧಿಸುವವರೆಗೂ ಚಾಚುತ್ತವೆ. ಐದು ಮೂಲೆಯ ನಕ್ಷತ್ರದ ತುದಿಯ ಕೋನ 36 ಡಿಗ್ರಿ. 8 ಪಾಯಿಂಟ್ ಸ್ಟ್ರೋಕ್ ಬದಿಗಳಲ್ಲಿ 4 ಪಾಯಿಂಟ್ ಹೊರಬಂದರೆ ತುದಿಯಲ್ಲಿ ಸುಮಾರು 13 ಪಾಯಿಂಟ್ ಚಾಚಿಕೊಳ್ಳುತ್ತದೆ. ಮೂಲೆಯ ಜೋಡಣೆಯನ್ನು ರೌಂಡ್‌ಗೆ ಬದಲಿಸಿದರೆ ತುದಿಯಲ್ಲೂ 4 ಪಾಯಿಂಟ್‌ಗೇ ನಿಲ್ಲುತ್ತದೆ.